ಮೂರು ಮಳೆಗಾಲ ಕಂಡ ಏರ್‌ಬ್ರಶ್: ಮರದ ಬಂಗುಡೆಗೆ ಬಣ್ಣ ಹೊಡೆದ ಅನುಭವ

ಹನ್ನೊಂದು ಬಂಗುಡೆ ಹಾಳಾಗಿವೆ. ಎಲ್ಲವೂ ಮರದ ಬಂಗುಡೆ, ಗಾಳಕ್ಕೆ ಕಟ್ಟುವ ಲೂರ್, ಅಂದರೆ ದೊಡ್ಡ ಮೀನನ್ನು ಸೆಳೆಯುವ ನಕಲಿ ಮೀನು. ಎಲ್ಲವೂ ನಾನೇ ಕೆತ್ತಿದ್ದು. ಹಾಳಾಗಿದ್ದೂ ಒಂದೇ ರೀತಿಯಲ್ಲಿ. ಬೆನ್ನಿನ ನೀಲಿ-ಹಸಿರು ಮುಗಿದಿರುತ್ತದೆ, ಹೊಟ್ಟೆಯ ಬೆಳ್ಳಿ ಮುಗಿದಿರುತ್ತದೆ, ಕಣ್ಣಿನ ಹಿಂದೆ ಒಂದು ತೆಳು ನೆರಳು ಕೊಟ್ಟರೆ ಆಯಿತು. ಟ್ರಿಗರ್ ಒತ್ತಿದರೆ, ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಏರ್‌ಬ್ರಶ್ 'ಪಿಚಕ್' ಅನ್ನುತ್ತದೆ. ಬಣ್ಣದ ಜೊತೆ ಒಂದು ಹನಿ ನೀರು ಹಾರಿ ಬಂದು ಮೀನಿನ ಕೆನ್ನೆಯ ಮೇಲೆ ಕೂರುತ್ತದೆ. ಹಸಿ ಬಣ್ಣ ಜೇಡನ ಕಾಲಿನ ಹಾಗೆ ನಾಲ್ಕೂ ಕಡೆ ಹರಿದು ಹೋಗುತ್ತದೆ. ಒರೆಸಿದರೆ ಕೆಳಗಿನ ಬೆಳ್ಳಿಯೂ ಕಿತ್ತು ಬರುತ್ತದೆ. ಮರಳುಕಾಗದ ಹಿಡಿದು ಮತ್ತೆ ಮೊದಲಿಂದ ಶುರು.

ಟ್ಯಾಂಕ್ ಇಲ್ಲದ ಚಿಕ್ಕ ಕಂಪ್ರೆಸರ್ ಜೊತೆ ಬರುವ 0.3 ಮಿ.ಮೀ. ನಾಜಲಿನ ಏರ್‌ಬ್ರಶ್ ಸೆಟ್ ಇದು. ಆನ್‌ಲೈನಿನಲ್ಲಿ ಹತ್ತಾರು ಹೆಸರಿನಲ್ಲಿ ಸಿಗುತ್ತದೆ, ಡಬ್ಬದೊಳಗಿನ ಸಾಮಾನು ಹೆಚ್ಚು ಕಡಿಮೆ ಒಂದೇ. ನಾನು ಕೊಟ್ಟಿದ್ದು 4,600 ರೂಪಾಯಿ. ಮೂರು ವರ್ಷ, ಮೂರು ಮಳೆಗಾಲ ಬಳಸಿದ್ದೇನೆ. ಕೇಕಿಗೆ, ಉಗುರಿಗೆ ಬಣ್ಣ ಹೊಡೆಯುವವರ ವಿಮರ್ಶೆ ಬೇಕಾದಷ್ಟಿವೆ. ಕರಾವಳಿಯಲ್ಲಿ ಕೂತು ಲೂರ್‌ಗೆ ಬಣ್ಣ ಹೊಡೆಯುವವರು ಬರೆದದ್ದು ನನಗೆ ಸಿಗಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ನಾನಿರುವುದು ಕುಂದಾಪುರದಲ್ಲಿ. ಸಣ್ಣ ಜೆರಾಕ್ಸ್ ಅಂಗಡಿ ಇದೆ. ಭಾನುವಾರ ಬೆಳಿಗ್ಗೆ ಕೋಡಿಯ ಬ್ರೇಕ್‌ವಾಟರಿನ (ಅಲೆ ತಡೆಯುವ ಗೋಡೆಯ) ಬಂಡೆಗಳ ಮೇಲೆ ನಿಂತು ಗಾಳ ಹಾಕುತ್ತೇನೆ. ಬಂಡೆಗಳ ಸಂದಿಯಲ್ಲಿ ಒಂದು ಸೀಸನ್ನಿಗೆ ಎಂಟು-ಹತ್ತು ಲೂರ್ ಕಳೆದುಹೋಗುತ್ತವೆ. ಅಂಗಡಿಯಲ್ಲಿ ಒಳ್ಳೆಯ ಲೂರ್ ಒಂದಕ್ಕೆ 700-800 ರೂಪಾಯಿ. ನನ್ನ ಆದಾಯಕ್ಕೆ ಅದು ಆಗುವ ಮಾತಲ್ಲ. ಮನೆಯಲ್ಲಿ ಮಾಡಿದರೆ ಗಾಳ, ತಂತಿ, ಬಣ್ಣ, ಬಣ್ಣದ ಮೇಲೆ ಬಳಿಯುವ ಗಟ್ಟಿ ಲೇಪ ಎಪಾಕ್ಸಿ ಎಲ್ಲ ಸೇರಿ 110-120 ರೂಪಾಯಿಗೆ ಮುಗಿಯುತ್ತದೆ.

ಮರಕ್ಕೆ ದುಡ್ಡು ಕೊಡಬೇಕಿಲ್ಲ. ಆಸಾಡಿ ಅಮಾವಾಸ್ಯೆಗೆ ತೊಗಟೆಯ ಕಷಾಯ ಕುಡಿಯುತ್ತೇವಲ್ಲ, ಅದೇ ಹಾಲೆ ಮರ. ಹಗುರ, ಮೆತ್ತಗೆ, ಚೂರಿಗೆ ಬೆಣ್ಣೆಯ ಹಾಗೆ ಸಿಗುತ್ತದೆ. ಕಷಾಯದ ತೊಗಟೆಗೆ ಕಬ್ಬಿಣ ತಾಗಿಸಬಾರದು, ಕಲ್ಲಿನಲ್ಲೇ ಜಜ್ಜಿ ತೆಗೆಯಬೇಕು ಅನ್ನುತ್ತಾರೆ ಅಪ್ಪಯ್ಯ. ಗಾಳಿಗೆ ಬಿದ್ದ ಕೊಂಬೆಗೆ ಮಾತ್ರ ಆ ನಿಯಮ ಇಲ್ಲ. ಅದನ್ನು ಅಟ್ಟದ ಮೇಲೆ ಒಂದು ವರ್ಷ ಒಣಗಿಸಿಟ್ಟು ನನಗೆ ಕೊಡುವವರೂ ಅವರೇ.

ತೊಂದರೆ ಇರುವುದು ಕಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ 61 ದಿನ ರಜೆ. ಆಗ ಕಡಲು ಎಷ್ಟು ಜೋರಾಗಿರುತ್ತದೆಂದರೆ ಬಂಡೆಯ ಮೇಲೆ ನಿಲ್ಲುವುದೂ ಅಪಾಯ. ಹಾಗಾಗಿ ಲೂರ್ ಮಾಡಲು ಪುರುಸೊತ್ತು ಸಿಗುವುದು ಆ ಎರಡು ತಿಂಗಳೇ. ಅದೇ ಎರಡು ತಿಂಗಳು ನಮ್ಮ ಮನೆಯಲ್ಲಿ ಉಪ್ಪಿನ ಭರಣಿಯೂ ನೀರಾಗುತ್ತದೆ. ಅಂಥ ಗಾಳಿಯನ್ನು ಎಳೆದುಕೊಂಡು ಒತ್ತಿ ಕಳಿಸುವ ಯಂತ್ರ ಈ ಕಂಪ್ರೆಸರ್. ನೀರು ಬರದೆ ಇನ್ನೇನು ಬರುತ್ತದೆ?

ಸೆಟ್ಟಿನ ಜೊತೆ ನೀರು ಹಿಡಿಯುವ ಟ್ರ್ಯಾಪ್ ಕೊಟ್ಟಿದ್ದಾರೆ ನಿಜ. ಅದನ್ನು ಕಂಪ್ರೆಸರಿನ ಬಾಯಿಗೇ ತಿರುಗಿಸಿ ಕೂರಿಸಿ ಎಂದು ಪುಸ್ತಕದಲ್ಲಿ ಚಿತ್ರವೂ ಇದೆ. ಹಾಗೇ ಮಾಡಿದೆ. ಮೊದಲ ಮಳೆಗಾಲ ಪೂರ್ತಿ ಟ್ರ್ಯಾಪಿನಲ್ಲಿ ಒಂದು ತೊಟ್ಟು ನೀರಿಲ್ಲ, ಮೀನಿನ ಮೇಲೆ ಮಾತ್ರ ಹನಿ. ಮಾರಿದವರಿಗೆ ಬರೆದೆ. ವಾಪಸು ಕೊಡುವ ಅವಧಿ ಮುಗಿದಿದೆ ಎಂಬ ಒಂದೇ ಸಾಲಿನ ಉತ್ತರ ಬಂತು. ಆಗ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಸೆಕೆ ಮತ್ತು ತೇವದ ಊರಿನವರು ಹೀಗೆ ಮಾಡಿಕೊಳ್ಳಿ ಅಂತ ಪುಸ್ತಕದಲ್ಲಿ ಎರಡು ಸಾಲು ಸೇರಿಸಲು ಎಷ್ಟು ಖರ್ಚಾಗುತ್ತಿತ್ತು?

ಕಾರಣ ಹೇಳಿಕೊಟ್ಟದ್ದು ಫ್ರಿಜ್ ರಿಪೇರಿ ಮಾಡುವ ನನ್ನ ಗೆಳೆಯ. ಕಂಪ್ರೆಸರ್ ಮುಟ್ಟಿ ನೋಡಿ ಕೈ ಹಿಂದೆಗೆದುಕೊಂಡ. "ಇಷ್ಟು ಬಿಸಿ ಇದ್ರೆ ನೀರು ಆವಿಯಾಗೇ ಟ್ರ್ಯಾಪ್ ದಾಟಿ ಹೋಗತ್ತೆ ಮಾರಾಯಾ. ಮುಂದೆ ಪೈಪಿನಲ್ಲಿ ತಣ್ಣಗಾದ ಮೇಲೆ ನೀರಾಗತ್ತೆ" ಅಂದ. ಇಡ್ಲಿ ಪಾತ್ರೆಯ ಆವಿ ಮುಚ್ಚಳಕ್ಕೆ ತಾಗಿ ಹನಿ ಕಟ್ಟುತ್ತದಲ್ಲ, ಅದೇ ಕತೆ. ನನ್ನ ಪೈಪಿನ ತುದಿಯೇ ಮುಚ್ಚಳವಾಗಿತ್ತು.

ಹಾಗಾದರೆ ಟ್ರ್ಯಾಪಿಗೆ ಮುಂಚೆಯೇ ಗಾಳಿಯನ್ನು ತಣ್ಣಗೆ ಮಾಡಬೇಕು. 350 ರೂಪಾಯಿ ಕೊಟ್ಟು ಐದು ಮೀಟರ್ ಪೈಪ್ ತಂದೆ. ಸುರುಳಿ ಸುತ್ತಿ ಬಾವಿಯ ತಣ್ಣೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿದೆ. ಬಕೆಟ್ಟಿನಿಂದ ಹೊರಗೆ ಬಂದ ತುದಿಗೆ ಟ್ರ್ಯಾಪ್, ಅದರಾಚೆ ಗೇಣುದ್ದದ ಪೈಪ್, ಆಮೇಲೆ ಏರ್‌ಬ್ರಶ್. ಅರ್ಧ ಗಂಟೆ ಕಳೆದು ನೋಡಿದರೆ ಟ್ರ್ಯಾಪಿನ ಬಟ್ಟಲಿನಲ್ಲಿ ಟೀ ಚಮಚದಷ್ಟು ನೀರು! ಅಮ್ಮನನ್ನು ಕರೆದು ತೋರಿಸಿದೆ. ಅಷ್ಟೂ ನೀರು ನನ್ನ ಮೀನುಗಳ ಮೇಲೆ ಬೀಳಬೇಕಾಗಿದ್ದ ನೀರು. ಆಮೇಲೆ ಹಾಳಾಗಿದ್ದು ಒಂದೇ ಬಂಗುಡೆ, ಅದೂ ಟ್ರ್ಯಾಪ್ ಖಾಲಿ ಮಾಡಲು ಮರೆತ ದಿನ.

ನೀರಿನ ಕಾಟ ತಪ್ಪಿದ ಮೇಲೆ ಈ ಯಂತ್ರದ ಮೇಲೆ ನನಗೆ ಪ್ರೀತಿ ಹುಟ್ಟಿತು. ಮಧ್ಯಾಹ್ನ ಒಂದೂವರೆಗೆ ಅಂಗಡಿ ಬಾಗಿಲು ಹಾಕಿ ಊಟ ಮಾಡಿ ಹಿಂದಿನ ಚಾವಡಿಯಲ್ಲಿ ಕೂರುತ್ತೇನೆ. ಕಂಪ್ರೆಸರಿನ ಕೆಳಗೆ ಹಳೆ ಕಂಬಳಿ, ಇಲ್ಲದಿದ್ದರೆ ಆ ಗುರ್ ಸದ್ದಿಗೆ ಅಮ್ಮನಿಗೆ ನಿದ್ದೆ ಬರುವುದಿಲ್ಲ. ಸಾದಾ ಅಕ್ರಿಲಿಕ್ ಬಣ್ಣವನ್ನು ಹಾಲಿನಷ್ಟು ತೆಳುವಾಗಿ ಕಲಸಿ ಹಳೆ ಪಂಚೆಯ ತುಂಡಿನಲ್ಲಿ ಸೋಸುತ್ತೇನೆ. ಸೋಸದೆ ಹಾಕಿದರೆ ಹತ್ತು ನಿಮಿಷಕ್ಕೆ ನಾಜಲ್ ಕಟ್ಟುತ್ತದೆ. ಮೊದಲು ಬಿಳಿ, ಆಮೇಲೆ ಬೆಳ್ಳಿ. ಬೆಳ್ಳಿ ಒಣಗಿದ ಮೇಲೆ ಹಳೆಯ ಸೊಳ್ಳೆ ಪರದೆಯ ತುಂಡನ್ನು ಮೀನಿಗೆ ಬಿಗಿಯಾಗಿ ಸುತ್ತಿ, ಹೊಟ್ಟೆಯ ಅಡಿಯಲ್ಲಿ ಬಟ್ಟೆ ಕ್ಲಿಪ್ ಹಾಕಿ, ಬೆನ್ನಿನ ಕಡೆಯಿಂದ ಹಸಿರು ನೀಲಿ ಹೊಡೆಯುತ್ತೇನೆ. ಕ್ಲಿಪ್ ಬಿಚ್ಚಿ ಪರದೆ ಮೆಲ್ಲಗೆ ಎತ್ತುವ ಗಳಿಗೆ ಇದೆಯಲ್ಲ, ಅದಕ್ಕೋಸ್ಕರವೇ ನಾನು ಇಷ್ಟೆಲ್ಲ ಮಾಡುವುದು. ಬೋಳು ಮರದ ತುಂಡಿನ ಮೇಲೆ ಸಾಲು ಸಾಲು ಸಣ್ಣ ಹುರುಪೆ ಎದ್ದಿರುತ್ತವೆ. ಬೈಗೆ (ಬೂತಾಯಿ) ಮೀನು ಮಾಡುವಾಗ ಪರದೆ ಬದಲು ಸ್ನಾನದ ಸ್ಪಂಜಿನ ಬಲೆ, ಹುರುಪೆ ಸ್ವಲ್ಪ ದೊಡ್ಡದಾಗಿ ಕಾಣುತ್ತದೆ. ಕುಂಚ ಹಿಡಿದು ಎಷ್ಟು ದಿನ ಕೂತರೂ ಇದು ಬರುವುದಿಲ್ಲ.

ಇನ್ನೊಂದು ವಿಷಯ. ಎರಡು ವರ್ಷ ನಾನು ಬಂಗುಡೆಯ ಬೆನ್ನಿನ ಗೆರೆಗಳನ್ನು ಕಪ್ಪಾಗಿಯೇ ಬರೆಯುತ್ತಿದ್ದೆ. ಮಾರ್ಕೆಟ್ಟಿನಿಂದ ತಂದ ಬಂಗುಡೆ ಎದುರಿಗೆ ಇಟ್ಟುಕೊಂಡು ಬರೆದದ್ದು, ತಪ್ಪಿರುವ ಸಾಧ್ಯತೆ ಇಲ್ಲ ಅಂದುಕೊಂಡಿದ್ದೆ. ಪಕ್ಕದ ಮನೆಯ ಅಣ್ಣ ನಾಡದೋಣಿಗೆ ಹೋಗುವವರು. ಲೂರ್ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. "ಕೆಲಸ ಚಂದ ಇದೆ. ಆದ್ರೆ ಇದು ಸತ್ತ ಬಂಗುಡೆ. ಜೀವ ಇರುವಾಗ ಈ ಗೆರೆ ಕಪ್ಪಲ್ಲ ಮಾರಾಯಾ, ಬಂಗಾರ" ಅಂದರು. ನಾನು ನಂಬಲಿಲ್ಲ. ಮರುದಿನ ಬೆಳಿಗ್ಗೆ ದೋಣಿ ಬರುವ ಹೊತ್ತಿಗೆ ಕರೆದುಕೊಂಡು ಹೋದರು. ಬಲೆಯಿಂದ ಬಿಡಿಸುತ್ತಿದ್ದ ಬಂಗುಡೆ ಇನ್ನೂ ಮಿಸುಕುತ್ತಿತ್ತು. ಬೆನ್ನಿನುದ್ದಕ್ಕೂ ಸಣ್ಣ ಗೆರೆಗಳು, ಹೊಳೆಯುವ ಹೊಂಬಣ್ಣ. ಎದೆಯ ರೆಕ್ಕೆಯ ಅಡಿಯಲ್ಲಿ ಆ ಕಪ್ಪು ಚುಕ್ಕೆ. ನಾನು ನೋಡುತ್ತ ನಿಂತೆ. ಐಸಿನಲ್ಲಿ ಕೂತು ಮಾರ್ಕೆಟ್ಟಿಗೆ ಬರುವಷ್ಟರಲ್ಲಿ ಆ ಬಂಗಾರ ಹೋಗಿ ಕಪ್ಪು ಉಳಿಯುತ್ತದೆ. ಹುಟ್ಟಿದಾಗಿನಿಂದ ಬಂಗುಡೆ ತಿಂದವನು ನಾನು, ಬಂಗುಡೆಯ ಬಣ್ಣ ನೋಡಿದ್ದು ಅವತ್ತೇ.

ಆ ಸಂಜೆಯೇ ಬಂಗಾರದ ಬಣ್ಣ ಕಲಸಿದೆ. ಏರ್‌ಬ್ರಶ್ಶಿನ ಸೂಜಿಯ ಮುಂದಿನ ಟೋಪಿ ಬಿಚ್ಚಿ, ಗಾಳಿ 15 ಪಿಎಸ್‌ಐಗೆ ಇಳಿಸಿ, ತುದಿಯನ್ನು ಮರಕ್ಕೆ ತಾಗುವಷ್ಟು ಹತ್ತಿರ ಹಿಡಿದು ಎಳೆದೆ. ಕೂದಲಿನಂಥ ಗೆರೆ ಬಂತು. 4,600 ರೂಪಾಯಿಯ ಯಂತ್ರದಿಂದ ಅಂಥ ಗೆರೆ ನಾನು ನಿರೀಕ್ಷಿಸಿರಲಿಲ್ಲ. ಆ ಲೂರಿಗೆ ಅಕ್ಟೋಬರಿನಲ್ಲಿ ಎರಡು ಕಿಲೋ ದಾಟಿದ ಕೆಂಬೇರಿ ಮೀನು ಬಿತ್ತು. ಬಣ್ಣ ನೋಡಿಯೇ ಕಚ್ಚಿತು ಅಂತ ನಾನು ಹೇಳುವುದಿಲ್ಲ. ಅದರ ಹಲ್ಲಿನ ಗುರುತು ಬಂಗಾರದ ಗೆರೆಗಳ ಮೇಲೆ ಮೂಡಿದೆ, ಮತ್ತೆ ಬಣ್ಣ ಹೊಡೆಯದೆ ಹಾಗೇ ಇಟ್ಟಿದ್ದೇನೆ.

ತೊಳೆಯುವ ಕೆಲಸಕ್ಕೆ ಸೋಮಾರಿತನ ಮಾಡುವವರು ಇದನ್ನು ಕೊಳ್ಳಬೇಡಿ. ಬಣ್ಣ ಬದಲಿಸುವಾಗಲೆಲ್ಲ ಏರ್‌ಬ್ರಶ್ಶಿನ ಬಣ್ಣದ ಬಟ್ಟಲಿಗೆ ನೀರು ಹಾಕಿ, ತುದಿಗೆ ಬಟ್ಟೆ ಒತ್ತಿ ಹಿಡಿದು ಗಾಳಿ ಬಿಡಬೇಕು. ಬಟ್ಟಲಿನಲ್ಲಿ ಗುಳುಗುಳು ಗುಳ್ಳೆ ಏಳುತ್ತದೆ, ಕಟ್ಟಿದ ಬಣ್ಣ ಹಿಂದಕ್ಕೆ ಬರುತ್ತದೆ. ದಿನದ ಕೊನೆಗೆ ಸೂಜಿಯನ್ನು ಹಿಂದಿನಿಂದ ಎಳೆದು ಒರೆಸಲೇಬೇಕು. ಅದನ್ನು ವಾಪಸು ಹಾಕುವಾಗ ಅವಸರ ಮಾಡಿ ಎರಡು ಸಲ ತುದಿ ಬಗ್ಗಿಸಿದ್ದೇನೆ. ತುದಿ ಕೂದಲಷ್ಟು ಬಗ್ಗಿದರೂ ಬಣ್ಣ ಒಂದು ಬದಿಗೇ ಹೊಡೆಯುತ್ತದೆ. ಹೊಸ ಸೂಜಿಗೆ 180 ರೂಪಾಯಿ. ಕಂಪ್ರೆಸರ್ ಈವರೆಗೆ ಕೈಕೊಟ್ಟಿಲ್ಲ, ಆದರೆ ಇಪ್ಪತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ತಣಿಯಲು ಬಿಡುತ್ತೇನೆ.

ಸೀಸದ ಜಿಗ್‌ಗಳಿಗೆ (ತಳಕ್ಕೆ ಮುಳುಗುವ ಭಾರದ ಲೂರ್‌ಗಳಿಗೆ) ಇದು ಬೇಕಾ ಅಂತ ಕೇಳಿದರೆ, ಬೇಡ. ಜಿಗ್ ತಳಕ್ಕೆ ಬಡಿಯುತ್ತಲೇ ಇರುತ್ತದೆ, ಮೂರು ಭಾನುವಾರಕ್ಕೆ ಮೂಗಿನ ಬಣ್ಣ ಹೋಗಿ ಸೀಸ ಕಾಣುತ್ತದೆ. ಅದಕ್ಕೆ ಬಿಳಿ ಪ್ರೈಮರ್ ಹೊಡೆದು ಉಗುರು ಬಣ್ಣ ಬಳಿದರೆ ಸಾಕು. ಅಂದ ಹಾಗೆ, ಜಿಗ್ ಎರಕವನ್ನು ಮಳೆಗಾಲದಲ್ಲಿ ಮಾಡಲೇಬೇಡಿ. ಸೀಸ ಕರಗುವುದು 327 ಡಿಗ್ರಿಗೆ. ಅಚ್ಚಿನಲ್ಲಿ ಒಂದು ಹನಿ ನೀರಿದ್ದರೆ ಅದು ಒಮ್ಮೆಲೇ ಆವಿಯಾಗಿ ಕಾದ ಸೀಸ ಮುಖಕ್ಕೆ ಸಿಡಿಯುತ್ತದೆ. ನಾನು ಜನವರಿಯ ಬಿಸಿಲಿನಲ್ಲಿ, ಅಂಗಳದಲ್ಲಿ, ಗಾಳಿ ಬೀಸುವ ಕಡೆಗೆ ಬೆನ್ನು ಮಾಡದೆ ಬದಿಗೆ ನಿಂತು ಮಾಡುತ್ತೇನೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಆ ಪಾತ್ರೆ, ಆ ಬಟ್ಟೆ ಯಾವುದೂ ಒಳಗೆ ಬರಬಾರದು.

ವರ್ಷಕ್ಕೆ ನಾಲ್ಕೈದು ಲೂರ್ ಮಾಡುವವರಿಗೆ ಕುಂಚವೇ ಸಾಕು. ಇಪ್ಪತ್ತರ ಮೇಲೆ ಮಾಡುವವರು ಕೊಳ್ಳಿ, ಜೊತೆಗೇ ಐದು ಮೀಟರ್ ಪೈಪಿಗೂ ದುಡ್ಡು ತೆಗೆದಿಡಿ. ನಾನು ಐದರಲ್ಲಿ ಮೂರೂವರೆ ನಕ್ಷತ್ರ ಕೊಡುತ್ತೇನೆ. ಪುಸ್ತಕದಲ್ಲಿ ಟ್ರ್ಯಾಪ್ ಕೂರಿಸುವ ಆ ಚಿತ್ರ ಸರಿ ಇದ್ದಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ.

ಇದನ್ನು ಬರೆಯುವಾಗ ಎದುರಿಗೆ ಆರು ಬಂಗುಡೆ ತಿರುಗುತ್ತಿವೆ. ಹಾಳಾದ ಮೈಕ್ರೋವೇವಿನ ತಟ್ಟೆ ತಿರುಗಿಸುವ ಮೋಟಾರಿಗೆ ಕಟ್ಟಿದ್ದೇನೆ, ನಿಮಿಷಕ್ಕೆ ಐದಾರು ಸುತ್ತು. ನಿಲ್ಲಿಸಿದರೆ ಎಪಾಕ್ಸಿ ಹೊಟ್ಟೆಯ ಕಡೆಗೆ ಇಳಿದು ಗಂಟು ಕಟ್ಟುತ್ತದೆ. ಹೊರಗೆ ಮಳೆ ಜೋರಾಗಿದೆ. ತೇವಕ್ಕೆ ಎಪಾಕ್ಸಿಯೂ ಹಾಲಿನ ಹಾಗೆ ಮಂಕಾಗುತ್ತದೆ, ಅದಕ್ಕೇ ಪೆಟ್ಟಿಗೆಯೊಳಗೆ 60 ವ್ಯಾಟ್ ಬಲ್ಬ್ ಉರಿಸಿಟ್ಟಿದ್ದೇನೆ. ಪ್ರತಿ ಸುತ್ತಿಗೂ ಆ ಬೆಳಕಿನಲ್ಲಿ ಬಂಗಾರದ ಗೆರೆ ಒಮ್ಮೆ ಮಿಂಚಿ ಕೆಳಗೆ ಹೋಗುತ್ತದೆ.