ಮಗಳ ‘ಕ’ ಸರಿಮಾಡಿಸೋಕೆ ಕ್ಲಿನಿಕ್ಕಾ, ವಿಡಿಯೊನಾ, ಆ್ಯಪಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವಿಡಿಯೊ ಕಾಲ್‌ನಲ್ಲಿ ಕನ್ನಡದಲ್ಲೇ ಹೇಳಿಕೊಡುವ ಸ್ಪೀಚ್ ಥೆರಪಿಸ್ಟ್‌ಗೆ.

ನಾಲ್ಕು ವರ್ಷ ತುಂಬಿದರೂ ನನ್ನ ಮಗಳಿಗೆ ಕೋತಿ ‘ತೋತಿ’, ಗಣೇಶ ‘ದಣೇಶ’. ನಾಲಿಗೆಯ ಹಿಂಭಾಗ ಮೇಲೆದ್ದರೆ ಕ, ಗ ಬರುತ್ತವೆ. ಇವಳದು ತುದಿ ಹಲ್ಲಿಗೆ ತಾಗಿ ತ, ದ ಆಗುತ್ತಿತ್ತು. ಚಿಕ್ಕ ಮಕ್ಕಳಲ್ಲಿ ಇದು ಮಾಮೂಲು, ಆದರೆ ನಾಲ್ಕಾದ ಮೇಲೂ ಹೋಗದಿದ್ದರೆ ತೋರಿಸಬೇಕು. ಬಜೆ ತೇಯ್ದು ಹಚ್ಚು ಅಂದರು ನಮ್ಮ ಅತ್ತೆ. ನಾಲಿಗೆ ಎಲ್ಲಿ ತಾಗಬೇಕು ಅಂತ ಬಜೆ ಹೇಳಿಕೊಡುತ್ತದಾ?

ಕಿವಿ ಪರೀಕ್ಷೆ ಮೊದಲು ಆಗಲೇಬೇಕು. ನಮ್ಮದು ಮೈಸೂರಿನ ಆಯಿಷ್‌ನಲ್ಲಿ ಆಯಿತು. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅಂದರೆ ಇದೇ, 1965ರಿಂದ ಇದೆ. ಕಿವಿ ಚೆನ್ನಾಗಿದೆ ಅಂತ ಗೊತ್ತಾಯಿತು. ಆದರೆ ಹಾಸನದಿಂದ ವಾರವಾರ ಅಲ್ಲಿಗೆ ಹೋಗಿ ಬರಬೇಕೆಂದರೆ ನಾನು ಅಂಗಡಿ ಬಾಗಿಲು ಹಾಕಬೇಕು.

ಹಾಗಾಗಿ ಊರಿನ ಒಂದು ಖಾಸಗಿ ಕ್ಲಿನಿಕ್‌ಗೆ ಸೇರಿಸಿದೆ. ಆಟಿಕೆ ಬೇಕಾದಷ್ಟು, ಮೇಡಂ ಕೂಡ ಒಳ್ಳೆಯವರು. ತಕರಾರು ಇದ್ದಿದ್ದು ಕಾರ್ಡುಗಳಲ್ಲಿ. ಎಲ್ಲ ಇಂಗ್ಲಿಷ್: ಕ್ಯಾಟ್, ಕಪ್, ಬುಕ್, ಡಕ್, ಸಾಕ್. ಮಗಳು ಅಲ್ಲಿ ‘ಬುಕ್’ ಅಂತ ಗಟ್ಟಿಯಾಗಿ ಹೇಳಿ ಸ್ಟಿಕ್ಕರ್ ಗಿಟ್ಟಿಸುತ್ತಿದ್ದಳು. ಮನೆಗೆ ಬಂದರೆ ಬೆಕ್ಕು ಮತ್ತೆ ‘ಬೆತ್ತು’.

ಸುಮ್ನೆ ಯೋಚನೆ ಮಾಡಿ. ನಮ್ಮ ಮನೆಮಾತಿನಲ್ಲಿ ‘ಕ್’ ಅಂತ ಮುಗಿಯುವ ಪದ ಎಷ್ಟಿವೆ? ನಮ್ಮಲ್ಲಿ ಕ ಬರುವುದು ಪದದ ಮೊದಲಿಗೆ, ಇಲ್ಲವೇ ನಡುವೆ, ಒಂಟಿಯಾಗಿ ಅಥವಾ ಒತ್ತಾಗಿ: ಬೇಕು, ಅಕ್ಕ, ಅಕ್ಕಿ, ಚಿಕ್ಕಪ್ಪ. ಅರ್ಧ ತರಗತಿ ಕೊನೆಯ ‘ಕ್’ಗೇ ಹೋಗುತ್ತಿತ್ತು. ಕನ್ನಡ ಕಾರ್ಡು ಇಲ್ಲವಾ ಅಂತ ಕೇಳಿದೆ. ‘ಹೇಗೂ ಸ್ಕೂಲಲ್ಲಿ ಇಂಗ್ಲಿಷೇ ಅಲ್ವಾ ಸರ್’ ಅಂದರು. ಸ್ಕೂಲಲ್ಲಿ ಸರಿ, ಇವಳು ಅಕ್ಕಿ ಕೇಳುವುದು ನಮ್ಮ ಅಡುಗೆಮನೆಯಲ್ಲಿ! ಜೊತೆಗೆ ಬಲೂನು ಊದಿಸುವುದು, ಸೋಪಿನ ಗುಳ್ಳೆ ಬಿಡಿಸುವುದು ಬೇರೆ. ಊದುವುದರಿಂದ ಕ ಬರುವುದಿಲ್ಲ. ಕ ಹೇಳಿಸಿದರೇ ಬರುವುದು.

ಆ್ಯಪ್ ಬಗ್ಗೆ ಒಂದೇ ಮಾತು: ತಪ್ಪಾಗಿ ಹೇಳಿದರೂ ಚಪ್ಪಾಳೆ ಹೊಡೆಯುತ್ತದೆ.

ವಿಡಿಯೊ ಥೆರಪಿಸ್ಟ್ ಶುರು ಮಾಡಿದ್ದು ಐಸ್‌ಕ್ರೀಂ ಕಡ್ಡಿಯಿಂದ. ನಾಲಿಗೆಯ ತುದಿಯನ್ನು ಮೆಲ್ಲಗೆ ಕೆಳಗೆ ಅದುಮಿ ಹಿಡಿಯಲು ನನಗೇ ಹೇಳಿಕೊಟ್ಟರು. ತುದಿ ಏಳದಿದ್ದಾಗ ಹಿಂಭಾಗ ಎದ್ದಿತು, ‘ಕ’ ಹೊರಬಂತು. ಆಮೇಲೆ ಜೋಡಿ ಚಿತ್ರಗಳು: ಕಟ್ಟೆ–ತಟ್ಟೆ, ಕಾಯಿ–ತಾಯಿ. ತೆಂಗಿನಕಾಯಿ ಬೇಕು ಅಂತ ‘ತಾಯಿ’ ಅಂದರೆ ಅಮ್ಮನ ಫೋಟೊ ಕೊಡಬೇಕು. ‘ಅದಲ್ಲಾ!’ ಅಂತ ಕೂಗಿ, ತಾನೇ ನಾಲಿಗೆ ಹಿಂದಕ್ಕೆಳೆದುಕೊಂಡು ‘ಕ್ಕಾಯಿ’ ಅಂದಳು. ದಿನಾ ರಾತ್ರಿ ಊಟಕ್ಕೆ ಮುಂಚೆ ಸ್ವಲ್ಪ ಹೊತ್ತು ಇದೇ ಆಟ. ತಪ್ಪಿದರೆ ‘ಸರಿಯಾಗಿ ಹೇಳು’ ಅಂತ ಗದರುವ ಹಾಗಿಲ್ಲ. ನಾವೇ ಸರಿಯಾಗಿ ಒಮ್ಮೆ ಹೇಳಿ ಮಾತು ಮುಂದುವರಿಸಬೇಕು.

ಖರ್ಚು? ಕ್ಲಿನಿಕ್‌ನಲ್ಲಿ ಒಂದು ಸಲಕ್ಕೆ 600 ರೂಪಾಯಿ, ಆಟೊ ಬೇರೆ. ವಿಡಿಯೊಗೆ 400. ಸಂಜೆ ನೆಟ್ ಎಳೆದಾಡುತ್ತದೆ, ಅದಕ್ಕೆ ಬೆಳಗಿನ ಹೊತ್ತನ್ನೇ ಕೇಳಿ ತೆಗೆದುಕೊಂಡೆ.

ಮಗು ಫೋನಿನ ಮುಂದೆ ಕೂರುವುದೇ ಇಲ್ಲ, ಅಥವಾ ಜೊತೆಗೆ ಕೂರಲು ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ ಅಂದರೆ ಕ್ಲಿನಿಕ್ಕೇ ವಾಸಿ. ಎಲ್ಲಿಗೇ ಹೋದರೂ ಥೆರಪಿಸ್ಟ್‌ಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯಾ ಕೇಳಿ, ಕಾರ್ಡುಗಳನ್ನೂ ಒಮ್ಮೆ ತೋರಿಸಲು ಹೇಳಿ.