ನಾರ್ಕಾನ್ ಮೂಗಿನ ಸ್ಪ್ರೇ, 4 ಮಿಲಿಗ್ರಾಂ: ಕೆಲಸ ಪಕ್ಕಾ, ಬಾಳಿಕೆ ಹೆಚ್ಚೆಂದರೆ ಒಂದೂವರೆ ಗಂಟೆ

ಓಪಿಯಾಯ್ಡ್ (ಅಫೀಮಿನ ವರ್ಗದ ನೋವುಶಾಮಕ ಅಥವಾ ಡ್ರಗ್ಸ್) ಮಿತಿಮೀರಿ ಉಸಿರು ನಿಲ್ಲುತ್ತಿರುವವರಿಗೆ ಹೊಡೆಯುವ ಸ್ಪ್ರೇ ನಾರ್ಕಾನ್. ಅಮೆರಿಕದ ಮೆಡಿಕಲ್ ಶಾಪುಗಳಲ್ಲಿ ಈಗ ಅದನ್ನು ಕೊಳ್ಳಲು ಡಾಕ್ಟರ ಚೀಟಿ ಬೇಡ. 2023ರ ಮಾರ್ಚ್‌ನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದಕ್ಕೆ ಒಪ್ಪಿಗೆ ಕೊಟ್ಟಿತು. ಅಂಗಡಿಗೆ ಬಂದಾಗ ಕಂಪನಿ ಸೂಚಿಸಿದ ಬೆಲೆ 44.99 ಡಾಲರ್. ಡಬ್ಬಿಯಲ್ಲಿ ಎರಡು ಸ್ಪ್ರೇ, ಒಂದೊಂದರಲ್ಲಿ ಒಂದೇ ಡೋಸು: 0.1 ಮಿಲೀ ದ್ರವ, ಅದರಲ್ಲಿ 4 ಮಿಲಿಗ್ರಾಂ ನಾಲೊಕ್ಸೋನ್ ಎಂಬ ಔಷಧ. ಎಷ್ಟೋ ಕೌಂಟಿಗಳಲ್ಲಿ ಆರೋಗ್ಯ ಇಲಾಖೆಯವರು ಪುಕ್ಕಟೆ ಕೊಡುತ್ತಾರೆ, ದುಡ್ಡು ಬಿಚ್ಚುವ ಮೊದಲು ಅಲ್ಲಿ ವಿಚಾರಿಸಿ.

"ನಮ್ಮನೇಲಿ ಡ್ರಗ್ಸ್ ತಗೊಳ್ಳೋರು ಯಾರಿದ್ದಾರೆ?" ಎನ್ನುವವರಿಗೂ ಇದು ಸಂಬಂಧಪಟ್ಟದ್ದೇ. ಮಂಡಿ ಆಪರೇಷನ್ ಆದ ಅಮ್ಮನಿಗೆ ಆಕ್ಸಿಕೋಡೋನ್ ಎಂಬ ಓಪಿಯಾಯ್ಡ್ ಮಾತ್ರೆ ಕೊಟ್ಟಿರುತ್ತಾರೆ, ಕ್ಯಾನ್ಸರ್ ಇರುವ ಮಾವನವರ ಬೆನ್ನಿಗೆ ಅದೇ ವರ್ಗದ ಫೆಂಟನಿಲ್ ಪ್ಯಾಚ್ ಇರುತ್ತದೆ, ಎರಡು ವರ್ಷದ ಮಗು ಮಂಚದ ಕೆಳಗೆ ಬಿದ್ದ ಮಾತ್ರೆಯನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ನೋವಿನ ಮಾತ್ರೆಯ ಜೊತೆ ನಿದ್ದೆ ಮಾತ್ರೆಯೂ ನಡೆಯುತ್ತಿದ್ದರೆ, ಅಥವಾ ಸ್ಲೀಪ್ ಅಪ್ನಿಯ (ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ) ಇದ್ದರೆ, ಅಪಾಯ ಇನ್ನೂ ಹೆಚ್ಚು.

ಓಪಿಯಾಯ್ಡ್‌ಗಳು ಮೆದುಳಿನ ಕೋಶಗಳ ಮೇಲೆ ತಮಗೆ ಹೊಂದುವ ಸೀಟುಗಳಾದ ಮ್ಯೂ ರಿಸೆಪ್ಟರ್‌ಗಳಲ್ಲಿ ಕೂತು ನೋವು ತಗ್ಗಿಸುತ್ತವೆ. ಅದೇ ರಿಸೆಪ್ಟರ್ ಮೆದುಳಿನ ಬುಡದಲ್ಲಿ, ಉಸಿರಾಟದ ಲಯ ಹುಟ್ಟುವ ಜಾಗದಲ್ಲೂ ಇದೆ. ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಏರಿದರೂ ಅಲ್ಲಿಂದ "ಉಸಿರೆಳೆ" ಎಂಬ ಆಜ್ಞೆ ಹೊರಡುವುದಿಲ್ಲ. ನಾಲೊಕ್ಸೋನ್ ಮಾಡುವ ಕೆಲಸ ಬಸ್ ಸೀಟಿಗೆ ಟವೆಲ್ ಹಾಕಿದ ಹಾಗೆ: ಜಾಗ ಭರ್ತಿ, ಕೂತವರು ಯಾರೂ ಇಲ್ಲ. ಅದು ರಿಸೆಪ್ಟರನ್ನು ಹಿಡಿದುಕೊಳ್ಳುತ್ತದೆಯೇ ಹೊರತು ಚಾಲೂ ಮಾಡುವುದಿಲ್ಲ. ಆದರೆ ಎದ್ದ ಪ್ರಯಾಣಿಕ ಬಸ್ಸಿನಿಂದ ಇಳಿದಿಲ್ಲ, ಪಕ್ಕದಲ್ಲೇ ನಿಂತಿದ್ದಾನೆ. ಇದನ್ನು ನೆನಪಿಡಿ.

ಬಳಕೆ ಸುಲಭ, ಸೂಜಿಯ ಗೊಡವೆ ಇಲ್ಲ. ಕರೆದರೂ, ಎದೆಮೂಳೆಯ ಮೇಲೆ ಗೆಣ್ಣಿನಿಂದ ಉಜ್ಜಿದರೂ ಏಳುತ್ತಿಲ್ಲ, ಉಸಿರು ತೀರಾ ನಿಧಾನ ಅಥವಾ ಗೊರಗೊರ, ತುಟಿ ನೀಲಿ, ಕಣ್ಣಿನ ಪಾಪೆ ಸಾಸಿವೆಯಷ್ಟು ಎಂದರೆ ತಡ ಮಾಡಬೇಡಿ. ಅಂಗಾತ ಮಲಗಿಸಿ, ಕತ್ತಿನ ಕೆಳಗೆ ಕೈಯಿಟ್ಟು ತಲೆಯನ್ನು ಹಿಂದಕ್ಕೆ ವಾಲಿಸಿ. ಸ್ಪ್ರೇಯ ಮೂತಿಯನ್ನು ಒಂದು ಹೊಳ್ಳೆಯೊಳಗೆ, ನಿಮ್ಮ ಬೆರಳು ಅವರ ಮೂಗಿಗೆ ತಾಗುವವರೆಗೆ ತೂರಿಸಿ, ಅಡಿಯ ಪ್ಲಂಜರನ್ನು ಹೆಬ್ಬೆರಳಿನಿಂದ ಪೂರ್ತಿ ಒತ್ತಿ. 911ಕ್ಕೆ ಕರೆ ಮಾಡಿ. ಉಸಿರು ನಿಂತಿದ್ದರೆ, ಕಲಿತವರು ಬಾಯಿಂದ ಉಸಿರು ಕೊಡುವುದನ್ನು ನಿಲ್ಲಿಸಬಾರದು, ಏಕೆಂದರೆ ಔಷಧ ಮೂಗಿನ ಒಳಪೊರೆಯಿಂದ ರಕ್ತಕ್ಕೆ ಇಳಿಯಲು ಹೊತ್ತು ಬೇಕು. 2–3 ನಿಮಿಷಕ್ಕೂ ಬದಲಾವಣೆ ಕಾಣದಿದ್ದರೆ ಎರಡನೇ ಸ್ಪ್ರೇಯನ್ನು ಇನ್ನೊಂದು ಹೊಳ್ಳೆಗೆ. ಉಸಿರು ಬಂದ ಮೇಲೆ ಒಂದು ಮಗ್ಗುಲಿಗೆ ಹೊರಳಿಸಿ, ವಾಂತಿ ಆಗುವ ಸಂಭವ ಇದೆ.

ಮಾಮೂಲಿ ಎಡವಟ್ಟು ಒಂದಿದೆ. ಅಲರ್ಜಿಯ ಮೂಗಿನ ಸ್ಪ್ರೇ ಬಳಸಿ ರೂಢಿಯಾದವರು "ಬರುತ್ತಾ ನೋಡೋಣ" ಎಂದು ಗಾಳಿಗೆ ಒಮ್ಮೆ ಒತ್ತುತ್ತಾರೆ. ಡೋಸು ಅಲ್ಲಿಗೆ ಮುಗಿಯಿತು. ಇದರಲ್ಲಿ ಎರಡನೇ ಒತ್ತು ಎಂಬುದೇ ಇಲ್ಲ.

ಈಗ ತಕರಾರು. ಭಾರತದ ಆಸ್ಪತ್ರೆಗಳಲ್ಲಿ ಪರಿಚಿತವಾದದ್ದು ನಾಲೊಕ್ಸೋನ್ ಇಂಜೆಕ್ಷನ್ನಿನ 1 ಮಿಲೀ ಆಂಪೂಲ್ (ಗಾಜಿನ ಪುಟ್ಟ ಸೀಸೆ), 400 ಮೈಕ್ರೋಗ್ರಾಂ. ಮೂಗಿನಿಂದ ಒಳಹೋಗುವುದು ಸ್ನಾಯುವಿಗೆ ಕೊಟ್ಟದ್ದರ ಅರ್ಧಕ್ಕಿಂತ ತುಸು ಕಡಿಮೆ. ಆ ಲೆಕ್ಕ ಹಿಡಿದರೂ ಒಂದು ಸ್ಪ್ರೇ ಎಂದರೆ ನಾಲ್ಕೈದು ಆಂಪೂಲಿನ ಏಟು. ನೋವುಶಾಮಕ ಚಿಕಿತ್ಸೆಯ ವೈದ್ಯರು ಒಂದು ಆಂಪೂಲನ್ನು ಸಲೈನ್ ಬೆರೆಸಿ 10 ಮಿಲೀ ಮಾಡಿ, ಒಂದೊಂದೇ ಮಿಲೀ, ಅಂದರೆ 40 ಮೈಕ್ರೋಗ್ರಾಂ, ರಕ್ತನಾಳಕ್ಕೆ ಕೊಡುತ್ತಾ ಉಸಿರು ಎಣಿಸುತ್ತಾರೆ. ಉಸಿರು ಮರಳಬೇಕು, ನೋವು ಮರಳಬಾರದು ಎಂಬ ಹದ ಅದು. ಈ ಸ್ಪ್ರೇಗೆ ಹದ ಗೊತ್ತಿಲ್ಲ. ತಿಂಗಳುಗಟ್ಟಲೆ ಮಾರ್ಫಿನ್ ಮೇಲಿರುವ ಕ್ಯಾನ್ಸರ್ ರೋಗಿಗೆ ಹೊಡೆದರೆ ಅಡಗಿದ್ದ ನೋವೆಲ್ಲ ಒಮ್ಮೆಗೇ ಎದ್ದು, ವಾಂತಿ, ಬೆವರು, ನಡುಕ ಶುರುವಾಗಿ ಬಿಪಿ ಏರುತ್ತದೆ. ಬರೀ ಮಂಪರು, ಕರೆದರೆ ಕಣ್ಣು ಬಿಡುತ್ತಾರೆ, ಉಸಿರು ಸಮವಾಗಿದೆ ಎಂದರೆ ಸ್ಪ್ರೇ ಬೇಡ, ಡಾಕ್ಟರಿಗೆ ಫೋನ್ ಮಾಡಿ. ಏಳುತ್ತಿಲ್ಲ, ಉಸಿರು ತೀರಾ ನಿಧಾನ ಅಥವಾ ನಿಂತೇ ಹೋಗಿದೆ ಎಂದರೆ ಈ ಯೋಚನೆಯನ್ನೆಲ್ಲ ಬಿಟ್ಟು ಹೊಡೆಯಿರಿ.

ಇದಕ್ಕಿಂತ ದೊಡ್ಡ ತಕರಾರು ಬಾಳಿಕೆಯದು. ಪರಿಣಾಮ ಇರುವುದು 30ರಿಂದ 90 ನಿಮಿಷ. ಮೆಥಡೋನ್ ಎಂಬ ಓಪಿಯಾಯ್ಡ್ ದಿನಗಟ್ಟಲೆ ಮೈಯಲ್ಲಿರುತ್ತದೆ, ನಿಧಾನವಾಗಿ ಬಿಡುಗಡೆಯಾಗುವ ಮಾರ್ಫಿನ್ ಮಾತ್ರೆ ಹೊಟ್ಟೆಯಲ್ಲಿ ಕರಗುತ್ತಲೇ ಇರುತ್ತದೆ, ಪ್ಯಾಚ್ ಕಿತ್ತು ಹಾಕಿದರೂ ಚರ್ಮದಲ್ಲಿ ನಿಂತ ಫೆಂಟನಿಲ್ ಗಂಟೆಗಟ್ಟಲೆ ರಕ್ತಕ್ಕೆ ಬರುತ್ತದೆ. ಟವೆಲ್ ಜಾರಿದ ಕೂಡಲೇ ನಿಂತಿದ್ದವನು ಮತ್ತೆ ಕೂರುತ್ತಾನೆ. ಎದ್ದು ಕೂತು ಕಾಫಿ ಕೇಳಿದವರ ಉಸಿರೂ ಎರಡು ಗಂಟೆಯ ನಂತರ ಮತ್ತೆ ನಿಲ್ಲಬಹುದು, ಹಾಗಾಗಿ "ಸರಿಹೋದರು" ಎಂದು ಆಂಬುಲೆನ್ಸ್ ವಾಪಸ್ ಕಳಿಸಬಾರದು.

ಮದ್ಯ, ಅಲ್ಪ್ರಜೋಲಂನಂಥ ನಿದ್ದೆ-ಆತಂಕದ ಮಾತ್ರೆ, ಅಮೆರಿಕದಲ್ಲಿ ಬೀದಿ ಫೆಂಟನಿಲ್ಲಿಗೆ ಬೆರೆಸುವ ಜಾನುವಾರು ಔಷಧ ಜೈಲಜೀನ್, ಇವಕ್ಕೆ ನಾಲೊಕ್ಸೋನ್ ನಾಟುವುದಿಲ್ಲ. ಉಸಿರು ಬಂದರೂ ಎಚ್ಚರವಾಗದಿದ್ದರೆ ಕಾರಣ ಇದೇ ಇರಬಹುದು, ಮೇಲಿಂದ ಮೇಲೆ ಸ್ಪ್ರೇ ಹೊಡೆದು ಫಲವಿಲ್ಲ. ಬ್ಯುಪ್ರಿನಾರ್ಫಿನ್ ಎಂಬ ಓಪಿಯಾಯ್ಡ್ ರಿಸೆಪ್ಟರನ್ನು ಉಡದಂತೆ ಹಿಡಿಯುತ್ತದೆ, ಬಿಡಿಸಲು ಹೆಚ್ಚು ಡೋಸು ಬೇಕು. ಟ್ರಮಡಾಲ್‌ನದು ಅರೆಬರೆ ಫಲ, ಫಿಟ್ಸ್ ಬರುವ ಅಪಾಯವನ್ನೂ ಗಮನಿಸಬೇಕು.

ಪಕ್ಕದಲ್ಲಿ 8 ಮಿಲಿಗ್ರಾಮಿನ ನಾಲೊಕ್ಸೋನ್ ಸ್ಪ್ರೇ ಕ್ಲಾಕ್ಸಾಡೋ ಕಂಡರೆ "ಡಬಲ್ ಅಂದ್ರೆ ಡಬಲ್ ಗಟ್ಟಿ" ಎಂದು ಆಸೆಪಡಬೇಡಿ. ನ್ಯೂಯಾರ್ಕ್ ರಾಜ್ಯ ಪೊಲೀಸರು ಎರಡನ್ನೂ ಬಳಸಿದ ಪ್ರಕರಣಗಳನ್ನು ಹೋಲಿಸಿದ ವರದಿ 2024ರಲ್ಲಿ ಬಂತು: ಬದುಕುಳಿದವರಲ್ಲಿ ವ್ಯತ್ಯಾಸ ಕಾಣಲಿಲ್ಲ, 8 ಮಿಲಿಗ್ರಾಂ ಪಡೆದವರಲ್ಲಿ ವಾಂತಿ ಮುಂತಾದ, ಓಪಿಯಾಯ್ಡ್ ಥಟ್ಟನೆ ತಪ್ಪಿದಾಗಿನ ವಿತ್‌ಡ್ರಾವಲ್ ತೊಂದರೆ ಹೆಚ್ಚಿತ್ತು. ಇದೇ ಕೆಲಸ ಮಾಡುವ ನಾಲ್ಮೆಫಿನ್ ಎಂಬ ಇನ್ನೊಂದು ಔಷಧದ ಸ್ಪ್ರೇ ಆಪ್ವಿಯ ಬಾಳಿಕೆ ಹೆಚ್ಚು ನಿಜ, ವಿತ್‌ಡ್ರಾವಲ್ ಸಂಕಟವೂ ಅಷ್ಟೇ ಉದ್ದ. ಮನೆಗೆ 4 ಮಿಲಿಗ್ರಾಂ ಸಾಕು. ಹೆಸರು ಹತ್ತಿರವಿರುವ ನಾಲ್ಟ್ರೆಕ್ಸೋನ್ ಬೇರೆಯೇ ವಸ್ತು, ಚಟ ಮರುಕಳಿಸದಂತೆ ಕೊಡುವ 50 ಮಿಲಿಗ್ರಾಂ ಮಾತ್ರೆ. ತುರ್ತಿಗೆ ಬರುವುದಲ್ಲ.

ಇಡಬೇಕಾದದ್ದು 25 ಡಿಗ್ರಿಯೊಳಗೆ, ಆಗಾಗ 40ರವರೆಗೆ ಏರಿದರೆ ಪರವಾಗಿಲ್ಲ. ಚಳಿಗಾಲದಲ್ಲಿ ಕಾರಿನಲ್ಲಿ ಬಿಟ್ಟರೆ ಮೈನಸ್ 15ರ ಕೆಳಗೆ ಹೆಪ್ಪುಗಟ್ಟಿ ಒತ್ತಿದರೂ ಔಷಧ ಹೊರಬರುವುದೇ ಇಲ್ಲ. ಕೋಣೆಯ ಬೆಚ್ಚಗೆಯಲ್ಲಿ 15 ನಿಮಿಷ ಇಟ್ಟರೆ ಮತ್ತೆ ಬಳಸಬಹುದು, ಆದರೆ ಉಸಿರು ನಿಂತವರ ಬಳಿ ಅಷ್ಟು ಹೊತ್ತು ಇರುವುದಿಲ್ಲ. ಹೊಸದಾಗಿ ತಯಾರಾಗುವ ಡಬ್ಬಿಗಳ ಅವಧಿಯನ್ನು ಎಫ್‌ಡಿಎ 2024ರ ಜನವರಿಯಲ್ಲಿ 3ರಿಂದ 4 ವರ್ಷಕ್ಕೆ ಏರಿಸಿದೆ. ನೋವಿನ ಮಾತ್ರೆಗಳನ್ನು ಬೀಗದಲ್ಲಿಡಿ, ಇದನ್ನು ಮಾತ್ರ ಅವುಗಳ ಜೊತೆ ಬೀಗದೊಳಗೆ ಇಡಬೇಡಿ.