ಮೆಸನ್ ಬಿಲ್ಡ್ ಸಿಸ್ಟಮ್: ವರ್ಷಗಟ್ಟಲೆ ಬಳಸಿದ ಮೇಲೆ ಪಾತ್ ಬಗ್ಗೆ ಎರಡು ಮಾತು

ನಮ್ಮ ಸಿ++ ಪ್ರಾಜೆಕ್ಟನ್ನು ಸಿಮೇಕ್ ಎಂಬ ಇನ್ನೊಂದು ಬಿಲ್ಡ್ ಸಿಸ್ಟಮ್‌ನಿಂದ ಮೆಸನ್‌ಗೆ ಬದಲಾಯಿಸಿ ಕೆಲವು ವರ್ಷ ಆಗಿದೆ. ಮೆಸನ್ ವೇಗದ ಬಗ್ಗೆ, ಸಿಂಟ್ಯಾಕ್ಸ್ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನನಗೆ ಅದಕ್ಕಿಂತ ಮುಖ್ಯ ಅನಿಸಿದ್ದು ಬೇರೆ: ಸೋರ್ಸ್ ಫೈಲಿನ ಪಾತ್ ಕಂಪೈಲರ್‌ಗೆ ಯಾವ ರೂಪದಲ್ಲಿ ಹೋಗುತ್ತದೆ ಎನ್ನುವುದು.

ಸಿಮೇಕ್ ನಿಂಜಾಗೆ (ಕಂಪೈಲ್ ಕಮಾಂಡುಗಳನ್ನು ಓಡಿಸುವ ಟೂಲ್) ಫೈಲ್ ಬರೆಯುವಾಗ ಸೋರ್ಸ್‌ಗಳಿಗೆ ಆಬ್ಸಲ್ಯೂಟ್ ಪಾತ್, ಅಂದರೆ ಮೊದಲಿನಿಂದ ಕೊನೆಯವರೆಗೆ ಪೂರ್ತಿ ಪಾತ್, ಹಾಕುತ್ತದೆ. ರಿಲೇಟಿವ್ (ಈಗಿರುವ ಫೋಲ್ಡರಿನಿಂದ ಲೆಕ್ಕ ಹಾಕಿದ ಪಾತ್) ಬೇಕು ಎನ್ನುವವರಿಗೆ ಹಿಂದೆ ಒಂದು ವೇರಿಯಬಲ್ ಇತ್ತು. ಅದು ಅರೆಬರೆ ಕೆಲಸ ಮಾಡುತ್ತಿತ್ತು, 3.4ರಲ್ಲಿ ತೆಗೆದೇ ಹಾಕಿದರು. ಮೆಸನ್ ಮಾತ್ರ ಬಿಲ್ಡ್ ಫೋಲ್ಡರಿನಿಂದ ಲೆಕ್ಕ ಹಾಕಿ ‘../ಎಸ್‌ಆರ್‌ಸಿ/ಪಾರ್ಸರ್.ಸಿಪಿಪಿ’ ಅಂತ ಕೊಡುತ್ತದೆ. ಕೇಳುವುದೇನೂ ಇಲ್ಲ, ಅದೇ ಡಿಫಾಲ್ಟ್.

ಇದರ ಬೆಲೆ ಗೊತ್ತಾಗುವುದು ಸಿ-ಕ್ಯಾಶ್ (ಒಮ್ಮೆ ಕಂಪೈಲ್ ಆದದ್ದನ್ನು ಉಳಿಸಿಟ್ಟು ಮತ್ತೆ ಕೊಡುವ ಟೂಲ್) ಜೊತೆ ಬಳಸಿದಾಗ. ಒಂದೇ ರೆಪೊಗೆ ಎರಡು ವರ್ಕ್‌ಟ್ರೀ ಇಟ್ಟುಕೊಂಡಿದ್ದೀರಿ ಅಂದುಕೊಳ್ಳಿ. ಕೋಡ್ ಒಂದೇ, ಫೋಲ್ಡರ್ ಬೇರೆ. ಕಮಾಂಡಿನಲ್ಲಿ ಆಬ್ಸಲ್ಯೂಟ್ ಪಾತ್ ಇದ್ದರೆ ಒಂದು ಕಡೆ ಕಂಪೈಲ್ ಆದದ್ದು ಇನ್ನೊಂದು ಕಡೆ ಉಪಯೋಗಕ್ಕೆ ಬರುವುದಿಲ್ಲ. ಬೇಸ್-ಡೈರ್ ಸೆಟ್ ಮಾಡಿ ಸಿ-ಕ್ಯಾಶ್ ಕೈಯಲ್ಲೇ ಪಾತ್ ತಿದ್ದಿಸಬೇಕು. ಮೆಸನ್‌ನಲ್ಲಿ ಅರ್ಧ ಕೆಲಸ ಮೊದಲೇ ಆಗಿರುತ್ತದೆ.

ಅರ್ಧ ಮಾತ್ರ, ಇದನ್ನು ಒತ್ತಿ ಹೇಳುತ್ತೇನೆ. ಡೀಬಗ್ ಮಾಹಿತಿ ಸೇರಿಸಿ ಕಂಪೈಲ್ ಮಾಡಿದರೆ, ಯಾವ ಫೋಲ್ಡರಿನಲ್ಲಿ ಕಂಪೈಲರ್ ಓಡಿತು ಎನ್ನುವುದನ್ನು ಅದು ಆಬ್ಜೆಕ್ಟ್ ಫೈಲಿನೊಳಗೆ ಬರೆದಿಡುತ್ತದೆ. ರೀಡ್‌ಎಲ್ಫ್ (ಆಬ್ಜೆಕ್ಟ್ ಫೈಲಿನೊಳಗೆ ಏನಿದೆ ಎಂದು ತೋರಿಸುವ ಟೂಲ್) ಹಾಕಿ ಕಂಪೈಲೇಶನ್ ಡೈರೆಕ್ಟರಿ ಸಾಲು ನೋಡಿ, ನಿಮ್ಮ ಹೋಮ್ ಫೋಲ್ಡರಿನ ಹೆಸರು ಸಮೇತ ಪೂರ್ತಿ ಪಾತ್ ಅಲ್ಲೇ ಇರುತ್ತದೆ. ಸಿ-ಕ್ಯಾಶ್ ಕೂಡ ಇದೇ ಕಾರಣಕ್ಕೆ ಆ ಫೋಲ್ಡರನ್ನು ಹ್ಯಾಶ್‌ಗೆ (ಉಳಿಸಿಟ್ಟದ್ದನ್ನು ಹುಡುಕಲು ಬಳಸುವ ಗುರುತು) ಸೇರಿಸುತ್ತದೆ. ಹಾಗಾಗಿ ಪಾತಿನ ಮೊದಲ ಭಾಗವನ್ನು ಬೇರೆ ಹೆಸರಿಗೆ ಬದಲಿಸುವ ಪ್ರಿಫಿಕ್ಸ್-ಮ್ಯಾಪ್ ಎಂಬ ಕಂಪೈಲರ್ ಫ್ಲ್ಯಾಗ್ ಬೇಕೇ ಬೇಕು. ಫೈಲ್-ಪ್ರಿಫಿಕ್ಸ್-ಮ್ಯಾಪ್ ಜಿಸಿಸಿ ಕಂಪೈಲರಿನ 8ನೇ ಆವೃತ್ತಿಯಲ್ಲಿ ಬಂತು, ಕ್ಲ್ಯಾಂಗ್ 10ರಲ್ಲೂ ಇದೆ. ನಾವು ಪ್ರಾಜೆಕ್ಟ್ ರೂಟನ್ನು ಒಂದು ಸ್ಥಿರ ಹೆಸರಿಗೆ ಮ್ಯಾಪ್ ಮಾಡಿ, ಜಿಡಿಬಿ ಡೀಬಗರ್‌ನಲ್ಲಿ ಸಬ್‌ಸ್ಟಿಟ್ಯೂಟ್-ಪಾತ್ ಕೊಟ್ಟು ವಾಪಸ್ ನಿಜವಾದ ಜಾಗಕ್ಕೆ ತಿರುಗಿಸಿದ್ದೇವೆ. ಒಂದೇ ಸಲದ ಕೆಲಸ. ಅಸರ್ಟ್ ಸಂದೇಶ, ಲಾಗ್ ಯಾವುದರಲ್ಲೂ ಈಗ ಯಾರ ಯೂಸರ್‌ನೇಮೂ ಕಾಣುವುದಿಲ್ಲ. ಗ್ರಾಹಕರಿಗೆ ಬೈನರಿ ಕೊಡುವವರಿಗೆ ಇದು ಚಿಕ್ಕ ವಿಷಯ ಅಲ್ಲ, ಅಲ್ವಾ?

ತೊಂದರೆಯೂ ಇದೆ. ಎರರ್ ಬಂದಾಗ ಟರ್ಮಿನಲ್‌ನಲ್ಲಿ ‘../’ ಇಂದ ಶುರುವಾಗುವ ಪಾತ್ ಬರುತ್ತದೆ. ನೀವು ಪ್ರಾಜೆಕ್ಟ್ ರೂಟಿನಲ್ಲಿದ್ದರೆ ಅದರ ಮೇಲೆ ಕ್ಲಿಕ್ ಮಾಡಿದರೂ ಫೈಲ್ ಸಿಗದೇ ಹೋಗಬಹುದು. ನಿಂಜಾ ‘ಎಂಟರಿಂಗ್ ಡೈರೆಕ್ಟರಿ’ ಅಂತ ಹೇಳಿರುತ್ತದೆ, ಈಮ್ಯಾಕ್ಸ್‌ಗೆ ಅದು ಅರ್ಥವಾಗುತ್ತದೆ. ಎಲ್ಲಾ ಟರ್ಮಿನಲ್‌ಗಳಿಗೂ ಆಗುವುದಿಲ್ಲ. ಈ ಒಂದು ವಿಷಯದಲ್ಲಿ ಆಬ್ಸಲ್ಯೂಟ್ ಪಾತ್ ಸಲೀಸು, ಒಪ್ಪುತ್ತೇನೆ. ಎಡಿಟರ್‌ಗೆ ಕೋಡ್ ಅರ್ಥಮಾಡಿಸುವ ಕ್ಲ್ಯಾಂಗ್‌ಡಿಗೆ ಮಾತ್ರ ಏನೂ ಕಷ್ಟವಿಲ್ಲ, ಕಂಪೈಲ್ ಕಮಾಂಡ್ಸ್ ಫೈಲಿನಲ್ಲಿ ಪ್ರತಿ ಕಮಾಂಡಿಗೂ ಅದರ ಫೋಲ್ಡರ್ ಬರೆದಿರುತ್ತದೆ.

ಇನ್ನು, ಎರಡನ್ನೂ ದಯವಿಟ್ಟು ಬೆರೆಸಬೇಡಿ. ಒಂದೇ ಫೈಲಿನ ಆಬ್ಸಲ್ಯೂಟ್ ಮತ್ತು ರಿಲೇಟಿವ್ ಹೆಸರುಗಳು ನಿಂಜಾಗೆ ಎರಡು ಬೇರೆ ಬೇರೆ ಫೈಲುಗಳು. ಬಿಲ್ಡ್ ನಡೆಯುವಾಗ ಹುಟ್ಟುವ ಹೆಡರ್ ಒಂದನ್ನು ಡೆಪ್‌ಫೈಲ್‌ನಲ್ಲಿ (ಯಾವುದು ಯಾವ ಫೈಲನ್ನು ನಂಬಿದೆ ಎನ್ನುವ ಪಟ್ಟಿ) ಆಬ್ಸಲ್ಯೂಟ್ ಆಗಿ ಬರೆದರೆ, ಹೆಡರ್ ಹೊಸದಾಗುತ್ತದೆ, ಅದನ್ನು ನಂಬಿದ ಫೈಲ್ ಹಳೆಯದೇ ಉಳಿಯುತ್ತದೆ. ಎರಡನೇ ಸಲ ನಿಂಜಾ ಓಡಿಸಿದಾಗ ಸರಿಹೋಗುತ್ತದೆ. ‘ಸುಮ್ನೆ ಇನ್ನೊಂದ್ಸಲ ಓಡ್ಸಿ’ ಅಂತ ನಿಮ್ಮ ಟೀಮಿನಲ್ಲಿ ಯಾರಾದರೂ ಹೇಳುತ್ತಿದ್ದರೆ ಮೊದಲು ಕೋಡ್ ಜನರೇಟ್ ಮಾಡುವ ಸ್ಕ್ರಿಪ್ಟ್‌ಗಳ ಡೆಪ್‌ಫೈಲ್ ನೋಡಿ.

ವಿಂಡೋಸ್‌ನಲ್ಲಿ ಬಳಸುವವರು ಸೋರ್ಸ್ ಮತ್ತು ಬಿಲ್ಡ್ ಎರಡನ್ನೂ ಒಂದೇ ಡ್ರೈವ್‌ನಲ್ಲಿಡಿ. ಸಿ ಡ್ರೈವ್‌ನಿಂದ ಡಿ ಡ್ರೈವ್‌ಗೆ ರಿಲೇಟಿವ್ ಪಾತ್ ಅನ್ನುವುದೇ ಇಲ್ಲ, ಆಗ ಮೆಸನ್ ಕೂಡ ಆಬ್ಸಲ್ಯೂಟ್ ಪಾತನ್ನೇ ಬಳಸುತ್ತದೆ.